ಎರಡನೇ ಪಾಳಿಯ ಕೂಗು

ಹೋದ ಮಳೆಗಾಲದಲ್ಲಿ ಹರಿಹರದ ನಮ್ಮ ಮನೆಯ ತಾರಸಿ ಸೋರಿ, ಅವ್ವನ ಕಾಲದ ಹತ್ತಿ ಗಾದಿ ತೊಯ್ದು ತೊಪ್ಪೆಯಾಯಿತು. ನಾನೂ ಕೆಲಸದವಳೂ ಸೇರಿ ಅದನ್ನು ಅಂಗಳಕ್ಕೆ ಎಳೆದು ತರುವಷ್ಟರಲ್ಲಿ ನನ್ನ ಸೊಂಟ ಹಿಡಿದುಕೊಂಡಿತು. ಹೊಲಿಗೆ ಒಂದು ಕಡೆ ಬಿಚ್ಚಿ ಹಸಿ ಹತ್ತಿ ಹೊರಗೆ ಬಂದಿತ್ತು. ಅದರ ವಾಸನೆ ಮೂಗಿಗೆ ಬಡಿದದ್ದೇ ತಡ, ಕಟ್ಟೆಯ ಮೇಲೆ ಕೂತುಬಿಟ್ಟೆ. "ಯಾಕ್ರೀ ಅಮ್ಮಾರೆ, ತಲಿ ತಿರುಗ್ತೇನ್ರಿ?" ಎಂದು ಅವಳು ಗಾಬರಿಯಾದಳು. ತಿರುಗಿದ್ದು ನಿಜ. ಆದರೆ ಅದು ಇವತ್ತು ನಿನ್ನೆ ತಿರುಗಿದ್ದಲ್ಲ ಎಂದು ಅವಳಿಗೆ ಹೇಗೆ ಹೇಳಲಿ? ದಾವಣಗೆರೆಯ ಮುಚ್ಚಿದ ಮಿಲ್ಲಿನ ಗೇಟಿನ ಪಕ್ಕ ಒಂದು ಗೋದಾಮಿತ್ತು. ಮಳೆ ನೀರು ಹೊಕ್ಕು ಅಲ್ಲಿ ಅಳಿದುಳಿದ ಹತ್ತಿ ನೆನೆದಾಗ ಬರುತ್ತಿದ್ದದ್ದು ಇದೇ ವಾಸನೆ. ಆ ಒಂದು ಮಳೆಗಾಲವನ್ನು ನಾನು ಇವತ್ತಿಗೂ ಸರಿಯಾಗಿ ಅರ್ಥ ಮಾಡಿಕೊಂಡಿಲ್ಲ. ಬರೆದರೆ ಅರ್ಥವಾದೀತೇನೋ ನೋಡೋಣ.

ದಾವಣಗೆರೆ ಜಿಲ್ಲೆಯಾದ ಮರುವರ್ಷ ಅದು. ನನಗಾಗ ಇಪ್ಪತ್ತಾರು, ನಗರಸಭೆಯಲ್ಲಿ ಗುಮಾಸ್ತೆ. ದಿನಾ ಬೆಳಿಗ್ಗೆ ಹರಿಹರದಿಂದ ರೈಲಿಗೆ ಹೋಗಿ, ಸಂಜೆ ಸಿಕ್ಕ ಬಸ್ಸಿಗೆ ಜೋತುಬಿದ್ದು ವಾಪಸ್ಸು. ನನಗೆ ಕೆಲಸ ಸಿಗಲೆಂದು ಉಕ್ಕಡಗಾತ್ರಿ ಅಜ್ಜಯ್ಯನಿಗೆ ಐದು ಅಮಾವಾಸ್ಯೆ ನಡೆದ ಅವ್ವ, ಕೆಲಸ ಸಿಕ್ಕಮೇಲೆ ಮದುವೆಯಾಗಲೆಂದು ಮತ್ತೆ ಐದರ ಹರಕೆ ಹೊತ್ತುಕೊಂಡಿದ್ದಳು. ನನಗೋ ಆಫೀಸಿನ ಹುಚ್ಚು. ಹೊಸ ಜಿಲ್ಲೆ, ಹೊಸ ಕಚೇರಿಗಳು, ಹೊಸ ಹೊಸ ಯೋಜನೆಗಳು. ಬೇಸಿಗೆಯಲ್ಲಿ ಮೇಲಿನಿಂದ ಒಂದು ಸುತ್ತೋಲೆ ಬಂತು. ಪ್ರತಿ ಊರೂ ಅತಿವೃಷ್ಟಿಗೆ ಮುಂಚಿತವಾಗಿ ಸಿದ್ಧವಾಗಬೇಕು, ಅದರಲ್ಲೂ ಬಡವರು, ಮುದುಕರು, ಕಾಯಿಲೆಯವರು ಮೊದಲು ಪಾರಾಗುವಂತೆ ಯೋಜನೆ ಮಾಡಬೇಕು ಎಂದು. ನಮ್ಮ ಸಾಹೇಬರು ಓದಿ ನಕ್ಕರು. "ದಾವಣಗೆರಿಗೆ ಹೊಳಿ ಎಲ್ಲೈತ್ರಿ? ಮುಳುಗೋದು ನಿಮ್ಮ ಹರಿಹರ. ಆದ್ರೂ ಕಾಗದ ಕೇಳ್ಯಾರ, ಕಾಗದ ಕೊಡೋಣ. ನೀವು ಹೊಳಿಯೋರು, ನೀವೇ ಮಾಡ್ರಿ."

ಹೊಳೆಯವಳು ನಿಜ. ನಮ್ಮ ಮನೆಯಲ್ಲಿ ಮಳೆಗಾಲದ ಮಾತೆಂದರೆ "ಹೊಳಿ ಎಷ್ಟು ಮೆಟ್ಲು ಬಂತು?" ಎಂಬುದೊಂದೇ. ಕಿರಾಣಿ ಅಂಗಡಿಗೆ ಬಂದವರನ್ನೆಲ್ಲ ಅಪ್ಪ ಅದನ್ನೇ ಕೇಳುತ್ತಿದ್ದರು. ತುಂಗಭದ್ರೆ ಇವತ್ತು ಎರಡು ಮೆಟ್ಟಿಲು, ನಾಳೆ ನಾಲ್ಕು ಎಂದು ಹೇಳಿ ಕೇಳಿ ಬರುತ್ತಾಳೆ. ಅಕ್ಕಿ ಚೀಲ ಅಟ್ಟಕ್ಕೇರಿಸಲು ಒಂದು ದಿನವಾದರೂ ಕೊಡುತ್ತಾಳೆ. ನಾನು ದಾವಣಗೆರೆಯನ್ನೂ ಆ ಕಣ್ಣಿನಿಂದಲೇ ನೋಡಿದೆ.

ಊರಿನಲ್ಲಿ ನೀರು ನುಗ್ಗಬಹುದಾದ ಜಾಗ ಮೂರು ಎಂದು ಇಂಜಿನಿಯರ್ ಗುರುತು ಹಾಕಿಕೊಟ್ಟಿದ್ದರು. ಒಂದು ದೊಡ್ಡವರ ಬಡಾವಣೆ, ಒಂದು ಸಂತೆ ಮೈದಾನದ ಹಿಂಭಾಗ, ಮೂರನೆಯದು ಕೆಳಗಿನ ಓಣಿ. ಅದು ಮಿಲ್ಲಿನ ಕೂಲಿಯವರ ಓಣಿ. ಮಿಲ್ಲಿಗೂ ಓಣಿಗೂ ನಡುವೆ ಒಂದು ಹಳ್ಳ, ಹಳ್ಳಕ್ಕೊಂದು ಗಿಡ್ಡ ಸೇತುವೆ. ಸೇತುವೆಯ ಆಚೆ ಏರಿನಲ್ಲಿ ಮಿಲ್ಲು, ಈಚೆ ತಗ್ಗಿನಲ್ಲಿ ಓಣಿ, ಓಣಿಯ ಹಿಂದೆ ದಿಬ್ಬದ ಮೇಲೆ ಸರ್ಕಾರಿ ಶಾಲೆ. ನೀರು ಬಂದರೆ ಎಲ್ಲರೂ ಶಾಲೆಗೆ ಹತ್ತಬೇಕು. ಇಷ್ಟು ಸುಲಭ. ಆದರೆ ಅವರಿಗೆ ಹೇಳುವುದು ಹೇಗೆ? ಬಡಾವಣೆಯಲ್ಲಿ ಮನೆಮನೆಗೂ ಫೋನಿತ್ತು. ಕೆಳಗಿನ ಓಣಿಯಲ್ಲಿ ಒಂದೂ ಇರಲಿಲ್ಲ.

ಆಗ ನನಗೆ ಹೊಳೆದದ್ದು ಮಿಲ್ಲಿನ ಕೂಗು. ಮಿಲ್ಲು ನಡೆಯುತ್ತಿದ್ದಾಗ ಪಾಳಿ ಬದಲಾಗುವಾಗಲೆಲ್ಲ ಸೈರನ್ ಕೂಗುತ್ತಿತ್ತು. ದಾವಣಗೆರೆಯ ಅರ್ಧ ಊರು ಅದನ್ನು ಕೇಳಿ ಗಡಿಯಾರ ಸರಿ ಮಾಡಿಕೊಳ್ಳುತ್ತಿತ್ತು. ಮಿಲ್ಲು ಮುಚ್ಚಿ ಮೂರನೇ ವರ್ಷ. ಸೈರನ್ ಮಾತ್ರ ಅಲ್ಲೇ ಇತ್ತು. ಕಾವಲಿಗೆ ಉಳಿದಿದ್ದ ರಜಾಕ್ ಸಾಬರನ್ನು ಹೋಗಿ ಕೇಳಿದೆ. "ಮೋಟಾರ್ ಚಾಲೂ ಐತೆ ಮೇಡಂ. ಶುಕ್ರವಾರಕ್ಕೊಮ್ಮೆ ಗ್ರೀಸ್ ಹಚ್ತೀನಿ" ಎಂದರು. "ಯಾಕ್ರೀ, ಮಿಲ್ ಮುಚ್ಚೈತಲ್ಲ?" ಎಂದೆ. "ಹಚ್ಚಬ್ಯಾಡ ಅಂತ ಯಾರೂ ಹೇಳಿಲ್ಲಲ್ರಿ" ಎಂದರು.

ಸಭೆಯಲ್ಲಿ ನಾನು ಎದ್ದು ನಿಂತು, ಓದು ಬಾರದವರಿಗೂ ಫೋನಿಲ್ಲದವರಿಗೂ ತಲುಪುವ ಎಚ್ಚರಿಕೆ ಇದೊಂದೇ, ಇಡೀ ಓಣಿ ಈ ಸದ್ದಿನಲ್ಲೇ ಬೆಳೆದಿದೆ ಎಂದು ಹೇಳಿದೆ. ದೊಡ್ಡ ಸಾಹೇಬರು "ಭೇಷ್" ಎಂದರು. ಆ ಒಂದು ಭೇಷ್‌ಗೆ ನಾನು ಸಂಜೆಯ ಬಸ್ಸಿನಲ್ಲಿ ಹರಿಹರದವರೆಗೂ ನಿಂತುಕೊಂಡೇ ನಗುತ್ತಾ ಹೋದೆ. ಎಂಥ ಮಳ್ಳಿ ನಾನು!

ಮುಂದಿನ ಕೆಲಸ ಪಟ್ಟಿ. ಮನೆಯಲ್ಲಿ ಎಷ್ಟು ಜನ, ವಯಸ್ಸೆಷ್ಟು, ಮುದುಕರು, ಕಾಯಿಲೆಯವರು, ನಡೆಯಲಾರದವರು ಯಾರು ಎಂದು ಬರೆದುಕೊಂಡು ಬರಬೇಕು. ಯಾವ ಓಣಿಯಲ್ಲಿ ಕೈಲಾಗದವರು ಹೆಚ್ಚೋ ಅಲ್ಲಿಗೆ ಟ್ರ್ಯಾಕ್ಟರ್, ಹಗ್ಗ, ನಾಲ್ಕು ಆಳು. ನಾನು ಹೊರಡುವ ಮೊದಲು ನಮ್ಮ ಸಾಹೇಬರು ಕರೆದು ಹೇಳಿದರು. "ನೀರು ಬರತೈತೆ, ಮುಳುಗ್ತೀರಿ ಅಂತ ಈಗ್ಲೇ ಬಾಯಿ ಬಿಡಬ್ಯಾಡ್ರಿ. ಗಾಬರಿಬಿದ್ದು ನಾಳೆ ಆಫೀಸಿನ ಮುಂದೆ ಕೂತ್ಕಂತಾರ. ಬರೇ ಪಟ್ಟಿ ಮಾಡ್ಕಂಡು ಬರ್ರಿ. ವಿವರ ಎಲ್ಲಾ ಕರಪತ್ರದಾಗೆ ಹಾಕ್ಸೋಣ." ಓದು ಬಾರದವರಿಗೆ ಕರಪತ್ರ! ಆಗಲೇ ಕೇಳಬೇಕಿತ್ತು. ಕೇಳಲಿಲ್ಲ. ಹೊಸ ಕೆಲಸದವಳಿಗೆ ನಾಲಿಗೆ ಎಲ್ಲಿಂದ ಬರಬೇಕು.

ಕೆಳಗಿನ ಓಣಿಯಲ್ಲಿ ಮೊದಲು ಸಿಕ್ಕವನು ತಿಪ್ಪಣ್ಣ. ಮಿಲ್ಲಿನ ನೂಲುವ ಖಾತೆಯಲ್ಲಿ ಜೀವನವೆಲ್ಲ ದುಡಿದವನು, ಓಣಿಯ ಹಿರಿಯ. ನನ್ನ ಕೈಯಲ್ಲಿದ್ದ ಹಾಳೆಗಳನ್ನು ನೋಡಿ ಅವನ ಮುಖವೇ ಬದಲಾಯಿತು. "ಬರ್ರಿ ಮೇಡಮ್ಮಾರೆ, ಕೂಡ್ರಿ" ಎಂದು ಒಳಗಿನಿಂದ ಕುರ್ಚಿ ತರಿಸಿದ. ಅವನ ಹೆಂಡತಿ ಹನುಮಕ್ಕ ಮಂಡಕ್ಕಿ ಭಟ್ಟಿಗೆ ಹೊರಟವಳು, ಅರ್ಧ ದಿನದ ಕೂಲಿ ಬಿಟ್ಟು ಚಹಾಕ್ಕೆ ನೀರಿಟ್ಟಳು. ಇಷ್ಟು ಉಪಚಾರ ಯಾಕೆ ಎಂದು ನನಗೆ ಒಂದು ಕ್ಷಣವೂ ಅನ್ನಿಸಲಿಲ್ಲ. ಸರ್ಕಾರಿ ಕೆಲಸದವಳು ಅಂತ ಮರ್ಯಾದೆ ಎಂದುಕೊಂಡೆ.

"ವಯಸ್ಸೆಷ್ಟು?"

"ನಲವತ್ನಾಲ್ಕು ಬರ್ಕಳ್ರಿ." ಕೂದಲು ಬೆಳ್ಳಗಾಗಿತ್ತು. ಬರೆದುಕೊಂಡೆ.

"ಕಾಯಿಲೆ ಕಸಾಲೆ?"

"ಏನೂ ಇಲ್ರಿ. ಕಲ್ಲು ತಿಂದು ಕರಗಿಸ್ತೀನಿ." ಹೇಳುತ್ತಲೇ ಅವನ ಕುತ್ತಿಗೆಯ ನರ ಉಬ್ಬಿ, ಕಣ್ಣಲ್ಲಿ ನೀರಾಡಿತು. ಎದ್ದು ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತಿಗೆ ಬಾಯಿ ಒರೆಸಿಕೊಂಡು ಬಂದ. ಆ ಕಡೆಯಿಂದ ಕೇಳಿದ ಕೆಮ್ಮು ಪಕ್ಕದ ಮನೆಯದಿರಬೇಕು ಎಂದುಕೊಂಡೆ.

"ಮನೇಲಿ ಮುದುಕರು?"

"ಇಲ್ರಿ" ಎಂದು ಗಂಡ ಹೆಂಡತಿ ಒಟ್ಟಿಗೇ ಹೇಳಿದರು. ಒಳಗೆ ಸೀರೆಯ ಪರದೆ ಕಟ್ಟಿದ್ದ ಮೂಲೆಯಿಂದ ಯಾರೋ ನರಳಿದಂತಾಯಿತು. ನಾನು ಆ ಕಡೆ ನೋಡಿದೆ. "ಮೇಕಿಮರಿ ರೀ, ಹುಷಾರಿಲ್ಲ ಅದ್ಕ" ಎಂದಳು ಹನುಮಕ್ಕ. ಮೇಕೆಮರಿ ಅಯ್ಯೋ ಶಿವನೇ ಎಂದು ನರಳುತ್ತದೆಯೇ? ಅನುಮಾನ ಬಂದಿತ್ತು. ಸುಳ್ಳು ಹೇಳಲಾರೆ, ಬಂದಿತ್ತು. ಹೊಟ್ಟೆ ಹಸಿದಿತ್ತು, ಇನ್ನೂ ಮೂವತ್ತು ಮನೆ ಬಾಕಿ ಇದ್ದವು. "ಕೈಲಾಗದವರು: ಇಲ್ಲ" ಎಂದು ಬರೆದು ಎದ್ದೆ.

ಹೊರಡುವಾಗ ತಿಪ್ಪಣ್ಣನೇ ಸೇತುವೆಯವರೆಗೆ ಬಂದ. "ಮೊನ್ನೆ ರಜಾಕ್ ಸಾಬ್ರ ಹತ್ರ ಕೂಗಿನ ವಿಷಯ ಕೇಳಿದ್ರಂತಲ್ರಿ?" ಎಂದ. ನಾನು ಹೌದೆಂದೆ. "ಕೂಗು ಆಯ್ತು ಅಂದ್ರ ತಡಾ ಮಾಡಬಾರದು, ತಿಪ್ಪಣ್ಣ. ಇದ್ದಂಗೆ ಹೊರಗೆ ಬಂದುಬಿಡಬೇಕು. ಎಲ್ಲರಿಗೂ ಹೇಳ್ತೀರಾ?" ಅವನು ಎರಡೂ ಕೈ ಮುಗಿದ. "ಹೇಳ್ತೀನ್ರಿ. ಬರದೇ ಇರ್ತೀವೇನ್ರಿ!"

ಓಣಿಯ ಅಷ್ಟೂ ಮನೆಗಳಲ್ಲಿ ಒಬ್ಬ ರೋಗಿಯಿಲ್ಲ, ಒಬ್ಬಳು ಮುದುಕಿಯಿಲ್ಲ. ದೊಡ್ಡವರ ಬಡಾವಣೆಯಲ್ಲಿ ಮಾತ್ರ ಜನ ಮಂಡಿನೋವು, ಸಕ್ಕರೆ ಕಾಯಿಲೆ, ಮೊಮ್ಮಗಳ ನೆಗಡಿಯನ್ನೂ ಬಿಡದೆ ಬರೆಸಿದ್ದರು. ಪಟ್ಟಿಯ ಪ್ರಕಾರ ಟ್ರ್ಯಾಕ್ಟರು, ಹಗ್ಗ, ಆಳುಗಳು ಎಲ್ಲ ಅಲ್ಲಿಗೇ ಹೋದವು. "ಕೆಳಗಿನ ಓಣಿ ಗಟ್ಟಿ ಬಿಡ್ರಿ, ಪೈಲ್ವಾನ್ರು" ಎಂದು ಸಾಹೇಬರು ಸಹಿ ಹಾಕಿದರು.

ಆ ವರ್ಷ ಮಳೆ ಹುಚ್ಚುಹುಚ್ಚಾಗಿ ಬಂತು. ಆಷಾಢ ಒಣಗಿ, ಶ್ರಾವಣ ಜಿನುಗಿ, ಭಾದ್ರಪದದಲ್ಲಿ ಆಕಾಶವೇ ಹರಿದುಬಿತ್ತು. ಕರಪತ್ರ ಇನ್ನೂ ಪ್ರೆಸ್ಸಿನಲ್ಲೇ ಇತ್ತು. ಪ್ರೆಸ್ಸಿನವರು ಗಣಪತಿ ಚಂದಾ ಪುಸ್ತಕ ಅಚ್ಚು ಹಾಕುವುದರಲ್ಲಿ ಮುಳುಗಿದ್ದರು. ಗಣಪತಿ ಬಿಟ್ಟ ಮೂರನೇ ದಿನ ಮಧ್ಯಾಹ್ನ, ಆ ಹಳ್ಳ ಹುಟ್ಟುವ ಮೇಲಿನ ಕೆರೆಯ ನೀರಗಂಟಿ ಪೇಟೆಗೆ ಬಂದು ಫೋನ್ ಮಾಡಿದ. ಕೋಡಿ ಬಿದ್ದಿದೆ, ಏರಿಯೂ ಒಂದು ಕಡೆ ಕುಸಿಯುತ್ತಿದೆ ಎಂದ. ಸಾಹೇಬರು ನನ್ನನ್ನು ಜೀಪಿಗೆ ಹತ್ತಿಸಿದರು. "ಹೋಗ್ರಿ, ನಿಮ್ಮ ಕೂಗು ಹಾಕಿಸ್ರಿ."

ಮಿಲ್ಲು ತಲುಪಿದಾಗ ಎರಡೂ ಮುಕ್ಕಾಲು. ಹಳ್ಳ ಕೆಂಪಗೆ ತುಂಬಿ ಹರಿಯುತ್ತಿತ್ತು, ಆದರೆ ಸೇತುವೆಯ ಕೆಳಗೇ ಇತ್ತು. ಇನ್ನೂ ಹೊತ್ತಿದೆ ಎಂದು ನಾನು ಹೊಳೆಯ ಲೆಕ್ಕದಲ್ಲೇ ಎಣಿಸಿದೆ. ರಜಾಕ್ ಸಾಬರು ಮಹಡಿಯ ಮೇಲಿನ ಟೈಂ ಆಫೀಸಿನ ಬಾಗಿಲು ತೆರೆದು, ಗೋಡೆಯ ಮೇಲಿನ ಗುಂಡಿ ತೋರಿಸಿದರು. "ನೀವೇ ಒತ್ರಿ ಮೇಡಂ, ನಿಮ್ಮ ಕೆಲಸ." ಒತ್ತಿದೆ.

ಅಬ್ಬಾ, ಆ ಸದ್ದು! ಮೂರು ವರ್ಷ ಬಾಯಿ ಮುಚ್ಚಿದ್ದ ಮಿಲ್ಲು ಊರಿಗೆ ಊರೇ ಬೆಚ್ಚುವಂತೆ ಕೂಗಿತು. ರಜಾಕ್ ಸಾಬರು ಕಣ್ಣು ಮುಚ್ಚಿ ನಿಂತಿದ್ದರು. ಕಿಟಕಿಯಿಂದ ಓಣಿ ಕಾಣುತ್ತಿತ್ತು. ಒಂದೊಂದೇ ಬಾಗಿಲು ತೆರೆಯಿತು. ಗಂಡಸರು ಹೊರಬಂದರು. ನನ್ನ ಎದೆ ತುಂಬಿ ಬಂತು. ಕೇಳಿಸಿತು ಅವರಿಗೆ, ನನ್ನ ಯೋಜನೆ ನಡೆಯಿತು!

ಆಮೇಲೆ ನೋಡುತ್ತೇನೆ, ಅವರು ದಿಬ್ಬ ಹತ್ತುತ್ತಿಲ್ಲ. ಶಾಲೆಗೆ ಬೆನ್ನು ಮಾಡಿ ಸೇತುವೆಯ ಕಡೆಗೆ ಓಡಿ ಬರುತ್ತಿದ್ದಾರೆ. ಹತ್ತು ಜನ, ಇಪ್ಪತ್ತು ಜನ, ಗೋಣಿಚೀಲದ ಕೊಪ್ಪೆ ಹಾಕಿಕೊಂಡವರು, ಅರ್ಧ ಗುಂಡಿ ಹಾಕಿದ ಖಾಕಿ ಅಂಗಿಯವರು. ಸೇತುವೆ ದಾಟಿ ನೇರ ಗೇಟಿಗೆ. ನಾನು ಕೆಳಗಿಳಿದು ಓಡಿದೆ. ಎಲ್ಲರ ಮುಂದೆ ತಿಪ್ಪಣ್ಣ. ಮಡಚಿಟ್ಟ ಗೆರೆ ಮಾಸದ ಖಾಕಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಉಸಿರು ಎಳೆಯಲಾಗುತ್ತಿರಲಿಲ್ಲ, ಆದರೂ ನಗುತ್ತಿದ್ದ.

"ಬಂದ್ವಿ ನೋಡ್ರಿ ಮೇಡಮ್ಮಾರೆ! ಸೆಕೆಂಡ್ ಶಿಫ್ಟ್ ಅಲ್ಲೇನ್ರಿ? ಮೂರು ಗಂಟಿ, ಟೈಂ ಸರಿಯಾಗೈತೆ."

ನನಗೆ ಏನೂ ತಿಳಿಯಲಿಲ್ಲ. ಯಾವ ಶಿಫ್ಟು? ಏನು ಟೈಂ? ಗೇಟಿನ ಸರಳು ಹಿಡಿದು ಪಿಳಿಪಿಳಿ ನೋಡಿದೆ. ಗುಂಪಿನಲ್ಲಿ ಒಬ್ಬ ನನ್ನನ್ನೇ ತೋರಿಸಿ, "ಹೆಸರು ಬರ್ಕಂಡು ಹೋದ ಮೇಡಂ ಇವ್ರೇ" ಎಂದ. ಆಗ ತಲೆಯೊಳಗೆ ಒಂದೊಂದಾಗಿ ಬಿಚ್ಚಿಕೊಂಡಿತು. ಹೆಸರು, ವಯಸ್ಸು, ಕಾಯಿಲೆ ಇದೆಯೇ, ಕೂಗು ಆದಾಗ ತಡ ಮಾಡಬೇಡಿ. ನಾನು ಬರೆದುಕೊಂಡು ಹೋದದ್ದನ್ನು ಅವರು ಮರಳಿ ಕೆಲಸಕ್ಕೆ ತೆಗೆದುಕೊಳ್ಳುವವರ ಪಟ್ಟಿ ಎಂದುಕೊಂಡಿದ್ದರು. ಕಾಯಿಲೆಯವರನ್ನು ಯಾರು ತೆಗೆದುಕೊಳ್ಳುತ್ತಾರೆ? ರೋಗದ ಮುದುಕಿಯಿರುವ ಮನೆಯವನು ಮೇಲಿಂದ ಮೇಲೆ ರಜೆ ಕೇಳುತ್ತಾನೆಂದು ಮಿಲ್ಲಿನವರು ಅಂದುಕೊಳ್ಳುವುದಿಲ್ಲವೇ? ಅದಕ್ಕೇ ಇಡೀ ಓಣಿ ಮೂರು ತಿಂಗಳು ಪೈಲ್ವಾನರ ಓಣಿಯಾಗಿತ್ತು.

"ಮಿಲ್ ಶುರುವಾಗಿಲ್ರೋ!" ಎಂದು ಕಿರುಚಿದೆ. "ನೀರು ಬರ್ತೈತೆ! ಕೆರಿ ಒಡೀತೈತೆ! ನೀವು ಸ್ಕೂಲಿಗೆ ಹೋಗಬೇಕಿತ್ತು!"

ಯಾರೂ ಅಲ್ಲಾಡಲಿಲ್ಲ. ಆ ಮುಖಗಳನ್ನು ನಾನು ಹೇಗೆ ಬರೆಯಲಿ. ನೀರಿನ ಹೆದರಿಕೆ ಇನ್ನೂ ಅವರಿಗೆ ಮುಟ್ಟಿರಲಿಲ್ಲ. ಮೊದಲನೇ ಮಾತೇ ಇನ್ನೂ ಒಳಗಿಳಿಯುತ್ತಿತ್ತು. ತಿಪ್ಪಣ್ಣ ನಿಧಾನವಾಗಿ, "ಶುರುವಾಗಿಲ್ರಾ?" ಎಂದ. ಮತ್ತೆ, "ಮತ್ಯಾಕ ಕೂಗಿಸಿದ್ರಿ?" ಎಂದ. ನನಗೆ ಅಳು ಬಂತು. ಅಳುವ ಹೊತ್ತೇ ಅದು?

ಅಷ್ಟರಲ್ಲಿ ಅವರ ಹಿಂದೆ ದಬದಬ ಸದ್ದಾಯಿತು. ಆ ಕಡೆ ನೋಡಿದರೆ ಸೇತುವೆ ಕಾಣಿಸಲಿಲ್ಲ. ಅದರ ಮೇಲೆ ಸೊಂಟದೆತ್ತರದ ಕೆಂಪು ನೀರು ಮುಳ್ಳುಕಂಟಿ, ಹುಲ್ಲಿನ ಬಣವೆ ಹೊತ್ತು ಓಡುತ್ತಿತ್ತು. ಗಂಡಸರೆಲ್ಲ ಈಚೆ ಏರಿನಲ್ಲಿ, ಮಿಲ್ಲಿನ ಗೇಟಿನಲ್ಲಿ, ಕಾಲು ಸಹ ತೊಯ್ಯದೆ ಸುರಕ್ಷಿತ. ಆಚೆ ತಗ್ಗಿನಲ್ಲಿ ಹೆಂಗಸರು, ಮಕ್ಕಳು, ಪಟ್ಟಿಯಲ್ಲಿಲ್ಲದ ಮುದುಕರು. ಮನೆಗಳ ಹಂಚಿನ ಸಂದಿಯಿಂದ ಹೊಗೆ ಏಳುತ್ತಿತ್ತು. ಕೂಗು ಕೇಳಿದ ಹೆಂಗಸರು, ಮೊದಲ ದಿನದ ಪಾಳಿಗೆ ಬುತ್ತಿ ಕಳಿಸಬೇಕೆಂದು ಒಲೆ ಹಚ್ಚಿ ರೊಟ್ಟಿ ತಟ್ಟುತ್ತಿದ್ದರು.

"ಅವ್ವ ಒಳಗೈತಲ್ರೋ" ಎಂದ ತಿಪ್ಪಣ್ಣ.

"ಮುದುಕರು ಇಲ್ಲ ಅಂದಿದ್ರಲ್ಲ!" ಎಂದು ನಾನು ಅವನ ಮೇಲೆ ಹಾರಿಬಿದ್ದೆ. ಆ ಹೊತ್ತಿನಲ್ಲಿ ನನಗೆ ಬಂದದ್ದು ಅವನ ಮೇಲೆ ಸಿಟ್ಟು. ನಾಚಿಕೆಯಾಗುತ್ತದೆ, ಆದರೆ ಬಂದದ್ದು ಸಿಟ್ಟೇ. ಅವನು ನೀರಿನ ಕಡೆ ಓಡಿದ. ಹತ್ತು ಹೆಜ್ಜೆ ಓಡಿರಬಹುದು. ಎದೆ ಹಿಡಿದುಕೊಂಡು ಕುಸಿದು, ಕೆಸರಿನಲ್ಲಿ ಮಂಡಿಯೂರಿ ಕೆಮ್ಮತೊಡಗಿದ. ಮೂರು ತಿಂಗಳಿನಿಂದ ನುಂಗಿ ಇಟ್ಟುಕೊಂಡ ಕೆಮ್ಮೆಲ್ಲ ಒಟ್ಟಿಗೇ ಹೊರಗೆ ಬಂದಂತೆ ಕೆಮ್ಮಿದ.

ರಜಾಕ್ ಸಾಬರು ಗೋದಾಮಿನಿಂದ ಹತ್ತಿ ಮೂಟೆ ಕಟ್ಟುವ ಹಗ್ಗ ತಂದರು. ಹರೆಯದ ನಾಲ್ವರು ಹಗ್ಗ ಹಿಡಿದು ನೀರಿಗಿಳಿದರು, ಎರಡು ಸಲ ಉರುಳಿ ವಾಪಸ್ಸು ಬಂದರು. ನಾನು ದಂಡೆಯಲ್ಲಿ ನಿಂತು "ಸ್ಕೂಲು! ಸ್ಕೂಲು!" ಎಂದು ಕೂಗುತ್ತಿದ್ದೆ. ಮಳೆಯಲ್ಲಿ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಆಗ ರಜಾಕ್ ಸಾಬರು ಪಕ್ಕಕ್ಕೆ ಬಂದು ಕೇಳಿದರು. "ಇನ್ನೊಮ್ಮೆ ಬಾರಿಸ್ಲೇನು ಮೇಡಂ, ಕೂಗು?"

ಹೂಂ ಎನ್ನಲೇ, ಬೇಡ ಎನ್ನಲೇ? ಬಾರಿಸಿದರೆ ಹೆಂಗಸರು ಎಚ್ಚೆತ್ತು ಹೊರಬರಬಹುದು. ಇಲ್ಲ, ಹೊತ್ತಾಯಿತು ಎಂದು ಬುತ್ತಿ ಹಿಡಿದು ಈ ಕಡೆಗೇ, ಹಳ್ಳಕ್ಕೇ ಇಳಿಯಬಹುದು. ಅಥವಾ ಗಂಡಂದಿರು ಒಳಗೆ ಹೋದರು ಎಂದು ನೆಮ್ಮದಿಯಿಂದ ಇನ್ನೊಂದು ರೊಟ್ಟಿ ಹಾಕಬಹುದು. ಆ ಸದ್ದು ಅವರಿಗೆ ಏನು ಹೇಳುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಗೊತ್ತಿದೆ ಎಂದು ಸಭೆಯಲ್ಲಿ ಎದ್ದು ನಿಂತು ಹೇಳಿದವಳು ನಾನು. ರಜಾಕ್ ಸಾಬರು ಕಾಯುತ್ತಾ ನಿಂತರು. ಕೊನೆಗೆ ಅವರೇ, "ರೆಹನೇ ದೋ, ಬಿಡ್ರಿ" ಎಂದು ಹಗ್ಗದ ಕಡೆಗೆ ಹೋದರು.

ಓಣಿಯನ್ನು ಉಳಿಸಿದ್ದು ನಾನೂ ಅಲ್ಲ, ಕೂಗೂ ಅಲ್ಲ. ಒಲೆಗೆ ನೀರು ಬಂದದ್ದೇ ಹೆಂಗಸರು ಎದ್ದರು. ಮಕ್ಕಳನ್ನು ದಿಬ್ಬಕ್ಕೆ ಅಟ್ಟಿದರು. ನಡೆಯಲಾರದವರು ಯಾವ ಯಾವ ಪರದೆಯ ಹಿಂದೆ ಇದ್ದಾರೆಂದು ಅವರಿಗೆಲ್ಲ ಬಾಯಿಪಾಠವಿತ್ತು. ಕುಂಟ ಯಲ್ಲವ್ವನನ್ನು ಯಾರು ಹೊರಬೇಕು, ಬಾಣಂತಿಯ ಕೂಸನ್ನು ಯಾರು ಹಿಡಿಯಬೇಕು ಎಂದು ಒಬ್ಬರನ್ನೊಬ್ಬರು ಕೇಳಲೂ ಇಲ್ಲವಂತೆ. ಹನುಮಕ್ಕ ಅತ್ತೆಯನ್ನು ಬೆನ್ನಿಗೆ ಸೀರೆಯಿಂದ ಕಟ್ಟಿಕೊಂಡು ಹೊರಟವಳು, ದಾರಿ ಮುಳುಗಿದ್ದರಿಂದ ದುರುಗಮ್ಮನ ಗುಡಿಕಟ್ಟೆ ಹತ್ತಿದಳು. ಮುದುಕಿಯನ್ನು ಕಟ್ಟೆಯ ಮೇಲೆ ಕೂರಿಸಿ, ಮೂವರು ಹೆಂಗಸರು ಸೊಂಟದ ನೀರಿನಲ್ಲಿ ಸುತ್ತ ನಿಂತು ಅವಳನ್ನು ಹಿಡಿದುಕೊಂಡಿದ್ದರು. ಸಂಜೆ ನೀರಿಳಿದು ಗಂಡಸರು ದಾಟುವವರೆಗೂ ಹಾಗೇ ನಿಂತಿದ್ದರು. ನಾವು ಬಡಾವಣೆಯಿಂದ ತರಿಸಿದ ಟ್ರ್ಯಾಕ್ಟರು ಬಂದದ್ದು ಅದಾದ ಮೇಲೆ. ಬಡಾವಣೆಗೆ ನೀರು ಹೋಗಿಯೇ ಇರಲಿಲ್ಲ.

ಮರುದಿನ ಸಾಹೇಬರು ವರದಿ ಬರೆಯಲು ಹೇಳಿದರು. ಸೈರನ್ ಮೂಲಕ ಎಚ್ಚರಿಕೆ ನೀಡಲಾಯಿತು, ಜನರು ಕೂಡಲೇ ಸ್ಪಂದಿಸಿದರು, ಜೀವಹಾನಿ ಇಲ್ಲ. ನಾನು ನಿಜ ಹೇಳಲು ಬಾಯಿ ತೆರೆದೆ. "ಇದ್ರಾಗ ಸುಳ್ಳು ಯಾವುದೈತೆ ತೋರಿಸ್ರಿ" ಎಂದರು. ಒಂದೂ ಇರಲಿಲ್ಲ! ಸೈರನ್ ಕೂಗಿತ್ತು, ಜನ ಓಡಿದ್ದರು, ಯಾರೂ ಮುಳುಗಿರಲಿಲ್ಲ. ವರದಿ ಹೋಯಿತು. ತಿಪ್ಪಣ್ಣನ ತಾಯಿ ನೀರಿನ ಥಂಡಿ ಎದೆಗೆ ಹತ್ತಿ ಆರನೇ ದಿನ ತೀರಿಕೊಂಡಳು. ಅಷ್ಟರಲ್ಲಿ ವರದಿಯ ಮೇಲೆ ಮುದ್ರೆ ಬಿದ್ದಾಗಿತ್ತು. ಬಿದ್ದಿರದಿದ್ದರೂ ಏನು? ನನ್ನ ಪಟ್ಟಿಯ ಪ್ರಕಾರ ಅಂಥವಳೊಬ್ಬಳು ಹುಟ್ಟಿಯೇ ಇರಲಿಲ್ಲ.

ಹರಿಹರಕ್ಕೆ ಬಂದು ಅಪ್ಪನಿಗೆ ಹೇಳಿಕೊಂಡು ಅತ್ತೆ. ತಪ್ಪು ಯಾರದು ಎಂದು ಕೇಳಿದೆ. ನನ್ನದೇ, ಬಾಯಿ ಕಟ್ಟಿದ ಸಾಹೇಬರದೇ, ಸುಳ್ಳು ಬರೆಸಿದ ತಿಪ್ಪಣ್ಣನದೇ, ಮುಚ್ಚಿ ಹೋದ ಮಿಲ್ಲಿನದೇ? ಅಪ್ಪ ತಕ್ಕಡಿ ಒರೆಸುತ್ತಾ, "ನೀ ಕೇಳೋದು ಕೇಳಿದ್ದೆ. ಯಾಕ ಕೇಳ್ತೀನಿ ಅಂತ ಹೇಳಿದ್ಯಾ?" ಎಂದರು.

ದೀಪಾವಳಿ ಕಳೆದ ಮೇಲೆ ನಾನಾಗಿಯೇ ರಜೆ ಹಾಕಿ ಕೆಳಗಿನ ಓಣಿಗೆ ಹೋದೆ. ಹೊಸ ಹಾಳೆ, ಹೊಸ ಪಟ್ಟಿ. ಈ ಸಲ ಮೊದಲೇ ಎಲ್ಲರನ್ನೂ ಗುಡಿಕಟ್ಟೆಯ ಮುಂದೆ ಕೂಡಿಸಿ ಹೇಳಿದೆ. ಇದು ಮಿಲ್ಲಿನದಲ್ಲ, ನೀರಿನದು. ನೀರು ಬಂದಾಗ ಯಾರನ್ನು ಮೊದಲು ಎತ್ತಬೇಕು ಎಂದು ತಿಳಿಯಲು. ಹೆಂಗಸರು ನೆಟ್ಟಗೆ ಕೇಳಿದರು. ಒಬ್ಬಳು, "ಹೊಳಿ ಹೇಳಿ ಬರತೈತ್ರಿ, ಹಳ್ಳ ಹೇಳದಂಗೆ ಬರತೈತೆ. ನಮ್ಮನ್ನ ಮೊದ್ಲೇ ಕೇಳಿದ್ರ ಹೇಳ್ತಿದ್ವಿ" ಎಂದಳು. ತಲೆ ತಗ್ಗಿಸಿ ಅದನ್ನೂ ಬರೆದುಕೊಂಡೆ. ಆದರೆ ಗಂಡಸರು ತಲೆಯಾಡಿಸಿ ಕೇಳಿ, ಒಬ್ಬೊಬ್ಬರೇ ಮತ್ತೆ ಅದೇ ಹೇಳಿದರು. ಕಾಯಿಲೆ ಇಲ್ರಿ, ಗಟ್ಟಿ ಅದೀನ್ರಿ. ಯಾರಿಗೆ ಗೊತ್ತು, ಈ ಹಾಳೆ ನಾಳೆ ಯಾರ ಕೈಗೆ ಹೋಗುತ್ತದೋ!

ತಿಪ್ಪಣ್ಣನ ಮನೆ ಕೊನೆಗೆ ಉಳಿಸಿಕೊಂಡಿದ್ದೆ. ಕುರ್ಚಿ ಬರಲಿಲ್ಲ, ನಾನೇ ಹೊಸ್ತಿಲ ಬಳಿ ಕೂತೆ. ಪರದೆಯ ಸೀರೆ ಬಿಚ್ಚಿ ಮೂಲೆ ಖಾಲಿಯಾಗಿತ್ತು. "ತಿಪ್ಪಣ್ಣ, ವಯಸ್ಸು?" ಎಂದೆ.

"ನಲವತ್ನಾಲ್ಕು" ಎಂದ, ನನ್ನ ಕಡೆ ನೋಡದೆ.

ಹನುಮಕ್ಕ ಸೆರಗಿನಿಂದ ಕೈ ಒರೆಸಿಕೊಂಡು ಬಾಗಿಲಿಗೆ ಬಂದಳು. "ಐವತ್ತಾರು ಬರ್ಕಳ್ರಿ ಮೇಡಮ್ಮಾರೆ. ಹತ್ತಿ ಧೂಳು ಕುಡುದು ಎದಿ ಹೋಗೈತೆ. ಹತ್ತು ಹೆಜ್ಜಿ ಓಡಕ್ಕಾಗಲ್ಲ. ನೀರು ಬಂದ್ರ ಈ ಮನ್ಯಾಗ ಮೊದ್ಲು ಎತ್ತಬೇಕಾದ್ದು ಇವ್ರನ್ನ."

"ಏ, ಬ್ಯಾಡ ಕಣೇ" ಎಂದ ತಿಪ್ಪಣ್ಣ. ಅಷ್ಟು ಸಣ್ಣ ದನಿಯಲ್ಲಿ ಅವನು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಬರೀಬ್ಯಾಡ್ರಿ ಮೇಡಮ್ಮಾರೆ. ಅದೊಂದು ಬಿಡ್ರಿ. ಮಿಲ್ ನಾಳೆ ಶುರುವಾದ್ರ..."

"ಶುರುವಾಗಂಗಿಲ್ಲ" ಎಂದಳು ಹನುಮಕ್ಕ. ಹೇಳಿ ಅವಳೇ ಅತ್ತುಬಿಟ್ಟಳು.

ನನ್ನ ಪೆನ್ನು ಹಾಳೆಯ ಮೇಲೆ ನಿಂತಿತ್ತು. ಬರೆದರೆ ಮುಂದಿನ ಮಳೆಗೆ ಅವನು ಉಳಿಯುತ್ತಾನೆ. ಬರೆದರೆ ಇವತ್ತೇ ಅವನಿಂದ ಮಿಲ್ಲನ್ನು ಕಿತ್ತುಕೊಂಡ ಹಾಗೆ. ಯಾವುದು ದೊಡ್ಡದು? ಅವನ ಪರವಾಗಿ ಅದನ್ನು ತೂಗಲು ನಾನು ಯಾರು? ಇವತ್ತಿಗೂ ಗೊತ್ತಿಲ್ಲ. ಹನುಮಕ್ಕ ನನ್ನನ್ನೇ ನೋಡುತ್ತಿದ್ದಳು. ಐವತ್ತಾರು ಎಂದು ಬರೆದೆ. ಉಸಿರಾಟದ ತೊಂದರೆ ಎಂದು ಬರೆದೆ.

ತಿಪ್ಪಣ್ಣ ಕೇಳಿದ. "ಮುಂದಿನ ವರ್ಷವೂ ಅದೇ ಕೂಗೇನ್ರಿ?"

ಹೌದೆಂದೆ. ಬದಲಿಸಲು ಅರ್ಜಿ ಕೊಟ್ಟಿದ್ದೆ, ಆಗಿರಲಿಲ್ಲ.

"ಹಂಗಾದ್ರ ಇನ್ನೊಂದು ಬರ್ಕಳ್ರಿ. ಕೂಗು ಆದ್ರ ಅದು ನೀರು, ಮಿಲ್ ಅಲ್ಲ, ಗೇಟಿನ ಕಡಿ ಹೋಗಬಾರದು ಅಂತ ನನಗೆ ಈಗ ಗೊತ್ತೈತ್ರಿ. ಆದ್ರ ಕಾಲು ಕೇಳಂಗಿಲ್ಲ."

ನನ್ನ ಪಟ್ಟಿಯಲ್ಲಿ ಅದಕ್ಕೊಂದು ಕಲಂ ಇರಲಿಲ್ಲ. ಕೊನೆಯಲ್ಲಿ ಷರಾ ಎಂದು ಒಂದಿಷ್ಟು ಜಾಗವಿತ್ತು. ಅಲ್ಲಿ ಸಣ್ಣ ಅಕ್ಷರದಲ್ಲಿ ಬರೆದೆ: "ಕೂಗು ಕೇಳಿದರೆ ಇವರು ಮಿಲ್ಲಿನ ಕಡೆಗೇ ಹೊರಡುವರು. ಯಾರಾದರೂ ಕೈ ಹಿಡಿದುಕೊಳ್ಳಬೇಕು."